ವಿದೇಶದ ಕೆಲಸಕ್ಕೆ ಬಯೋಡೇಟಾ ಬರೆಯುವಾಗ



ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದಾಗ ಈಚೆಗೆ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. "ಮಗ ಗಲ್ಫಿಗೆ ಹೋಗ್ತೀನಿ ಅಂತ ಕೂತಿದಾನೆ ಸಾರ್, ಒಂದು ಬಯೋಡೇಟಾ ನೋಡಿಕೊಡ್ತೀರಾ?" ಕೇಳುವವರು ಹೆಚ್ಚಾಗಿ ತಾಯಂದಿರು. ಮಗ ಸ್ವಲ್ಪ ದೂರದಲ್ಲಿ ಬೈಕಿಗೆ ಒರಗಿ ನಿಂತು ಬೇರೆ ಕಡೆ ನೋಡುತ್ತಿರುತ್ತಾನೆ. ಅವನಿಗೆ ಸಂಕೋಚ, ತಾಯಿಗೆ ಆತಂಕ. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಎಲ್ಲರಿಗೂ ಉಪಯೋಗವಾಗಲೆಂದು ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಭದ್ರಾವತಿಯಲ್ಲಿ ಈ ಮಾತು ಹೆಚ್ಚಾಗಿರುವುದಕ್ಕೆ ಕಾರಣ ನಿಮಗೆ ಗೊತ್ತಿರುವುದೇ. 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದ ಉಕ್ಕಿನ ಕಾರ್ಖಾನೆ ಒಂದು ಕಡೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇನ್ನೊಂದು ಕಡೆ. ನ್ಯೂಟೌನ್, ಪೇಪರ್‌ಟೌನ್ ಎಂಬ ಬಡಾವಣೆಗಳ ಹೆಸರೇ ಆ ಕಥೆ ಹೇಳುತ್ತದೆ. ತಾತ ಕುಲುಮೆಯ ಮುಂದೆ ನಿಂತವರು, ತಂದೆ ರೋಲಿಂಗ್ ಮಿಲ್ಲಿನಲ್ಲಿ ದುಡಿದವರು, ಮಗ ಐ.ಟಿ.ಐ. ಮುಗಿಸಿ ಅದೇ ಗೇಟಿನ ಕಡೆ ನೋಡುತ್ತಿದ್ದವನು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಉಳಿಸಿಕೊಳ್ಳುವ ಮಾತು ಆಮೇಲೂ ನಡೆದಿದೆ. ಆದರೆ ಮಾತಿನಿಂದ ಮನೆಯ ಒಲೆ ಉರಿಯುವುದಿಲ್ಲವಲ್ಲ. ಆದುದರಿಂದ ಕೈಯಲ್ಲಿ ಕಸುಬಿರುವ ಹುಡುಗರು ಹೊರದೇಶದ ಕಡೆ ಮುಖ ಮಾಡಿದರೆ ಅದು ಆಶ್ಚರ್ಯವೇನಲ್ಲ.

ಮೊನ್ನೆ ಒಬ್ಬ ಹುಡುಗ ತಂದ ಬಯೋಡೇಟಾ ನೋಡಿದೆ. ಯಾವುದೋ ಟೈಪಿಂಗ್ ಅಂಗಡಿಯಲ್ಲಿ ಮಾಡಿಸಿದ್ದು, ಮೂರು ಪುಟ. ಮೇಲ್ಗಡೆ ದಪ್ಪಕ್ಷರದಲ್ಲಿ ತನ್ನ ಜೀವನದ ಗುರಿಯ ಬಗ್ಗೆ ಐದು ಸಾಲಿನ ಇಂಗ್ಲಿಷು. ಓದಿ ಅರ್ಥ ಹೇಳು ಎಂದೆ. ಅವನಿಗೆ ಬರಲಿಲ್ಲ. ಕೆಳಗೆ ಹವ್ಯಾಸಗಳು: ಚದುರಂಗ, ಚಾರಣ, ಪುಸ್ತಕ ಓದುವುದು. "ಚೆಸ್ ಆಡ್ತೀಯೇನಪ್ಪಾ?" ಎಂದರೆ ನಕ್ಕ. ತಂದೆಯ ಹೆಸರಿನ ಜಾಗದಲ್ಲಂತೂ ಬೇರೆ ಯಾರೋ ಮಹನೀಯರ ಹೆಸರಿತ್ತು! ಹಿಂದಿನ ಗಿರಾಕಿಯ ಫೈಲಿನ ಮೇಲೆಯೇ ಇವನ ವಿವರ ತುಂಬಿಸಿ, ಅದೊಂದನ್ನು ಬದಲಾಯಿಸಲು ಅಂಗಡಿಯವನು ಮರೆತಿದ್ದ. ಆ ಮೂರು ಪುಟಗಳಲ್ಲಿ ಈ ಹುಡುಗನ ಕಸುಬಿನ ಬಗ್ಗೆ ಇದ್ದದ್ದು ಒಂದೇ ಶಬ್ದ: ವೆಲ್ಡರ್.

ಅವನ ಜೊತೆ ಕುಳಿತು ಮಾತನಾಡಿದೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎರಡು ವರ್ಷ ಮೂರು ತಿಂಗಳು ಕೆಲಸ. ಮಾಮೂಲಿ ಆರ್ಕ್ ವೆಲ್ಡಿಂಗ್ ಚೆನ್ನಾಗಿ ಬರುತ್ತದೆ, ಆರ್ಗಾನ್ ವೆಲ್ಡಿಂಗ್ ಸುಮಾರಾಗಿ ಬರುತ್ತದೆ. 12 ಮಿಲಿಮೀಟರ್ ದಪ್ಪದ ತಗಡನ್ನು ನೆಟ್ಟಗೆ ನಿಲ್ಲಿಸಿ ಕೆಳಗಿನಿಂದ ಮೇಲಕ್ಕೆ ಬೆಸೆಯುತ್ತಾನೆ. ನಕ್ಷೆ ಓದಲು ಬರುತ್ತದೆ. ಗ್ರೈಂಡಿಂಗ್, ಗ್ಯಾಸ್ ಕಟಿಂಗ್ ತಾನೇ ಮಾಡಿಕೊಳ್ಳುತ್ತಾನೆ. ಮಾಡಿದ ಬೆಸುಗೆಗಳು ಎಕ್ಸ್-ರೇ ಪರೀಕ್ಷೆಯಲ್ಲಿ ಪಾಸಾಗಿವೆ. ನೋಡಿ, ಕೆಲಸ ಕೊಡುವವನಿಗೆ ಬೇಕಾದದ್ದು ಇದು! ಇದರಲ್ಲಿ ಒಂದಾದರೂ ಆ ಕಾಗದದಲ್ಲಿರಲಿಲ್ಲ.

ದಮ್ಮಾಮಿನಲ್ಲೋ ದೋಹಾದಲ್ಲೋ ಕುಳಿತ ಅಧಿಕಾರಿಯ ಮೇಜಿನ ಮೇಲೆ ಇನ್ನೂರು ಅರ್ಜಿಗಳಿರಬಹುದು. ಇನ್ನೂರರಲ್ಲಿಯೂ ವೆಲ್ಡರ್ ಎಂದೇ ಇರುತ್ತದೆ. ಅವನ ಕಣ್ಣು ಹುಡುಕುವುದು ಬೇರೆ: ಯಾವ ಬಗೆಯ ಬೆಸುಗೆ, ಯಾವ ಲೋಹ, ತಗಡೋ ಕೊಳವೆಯೋ, ಎಷ್ಟು ದಪ್ಪ, ಯಾವ ಭಂಗಿಯಲ್ಲಿ. ಓರೆಯಾಗಿ 45 ಡಿಗ್ರಿಯಲ್ಲಿ ಬಿಗಿದ ಕೊಳವೆಯನ್ನು ತಿರುಗಿಸದೆ ಸುತ್ತಲೂ ಬೆಸೆಯುವ ಪರೀಕ್ಷೆಗೆ ಕಸುಬಿನವರು 6ಜಿ ಎನ್ನುತ್ತಾರೆ. ಅದು ಪಾಸಾಗಿದ್ದರೆ ಮೊದಲ ಪುಟದಲ್ಲೇ, ಹೆಸರಿನ ಕೆಳಗೇ ಬರೆಯಿರಿ. ಎಲೆಕ್ಟ್ರಿಷಿಯನ್ ಆದರೆ ಎಷ್ಟು ವೋಲ್ಟಿನವರೆಗೆ ಕೆಲಸ ಮಾಡಿದ್ದೀರಿ, ಪ್ಯಾನೆಲ್ ಜೋಡಿಸಿದ್ದೀರೋ ದುರಸ್ತಿ ಮಾತ್ರವೋ, ವೈರ್‌ಮನ್ ಪರವಾನಗಿ ಇದೆಯೋ ಹೇಳಿ. ಫಿಟ್ಟರ್ ಆದರೆ ಯಾವ ಪಂಪು, ಯಾವ ಗೇರ್ ಬಾಕ್ಸು ಬಿಚ್ಚಿ ಕೂಡಿಸಿದ್ದೀರಿ ಎಂದು ಹೇಳಿ. ಅಡುಗೆಯವರಾದರೆ ಎಷ್ಟು ಜನರಿಗೆ ಎಂಬ ಲೆಕ್ಕ ಕೊಡಿ. ಕಸುಬಿನ ವಿವರ ಮೊದಲು, ಅನುಭವ ಆಮೇಲೆ, ಓದು ಕೊನೆಗೆ. ಐ.ಟಿ.ಐ. ಪ್ರಮಾಣಪತ್ರವಲ್ಲದೆ ಅಪ್ರೆಂಟಿಸ್ ಮುಗಿಸಿದ ಪ್ರಮಾಣಪತ್ರವೂ ಇದ್ದರೆ ಅದನ್ನು ಪ್ರತ್ಯೇಕವಾಗಿ ಕಾಣಿಸಿ. ನಮ್ಮ ಹುಡುಗರು ಅದನ್ನು ಟ್ರಂಕಿನಲ್ಲಿಟ್ಟು ಮರೆತೇ ಬಿಡುತ್ತಾರೆ. ಒಟ್ಟು ಎರಡು ಪುಟ ಸಾಕು.

ಭಾಷೆಯ ವಿಷಯದಲ್ಲಿ ಒಂದು ಮಾತು. ಇಂಗ್ಲಿಷ್ ಸರಾಗವಾಗಿ ಬರುತ್ತದೆ ಎಂದು ಬರೆದರೆ ವಿಡಿಯೋ ಸಂದರ್ಶನದ ಎರಡನೇ ನಿಮಿಷಕ್ಕೆ ಬಣ್ಣ ಬಯಲಾಗುತ್ತದೆ. ಕೆಲಸದ ಜಾಗದಲ್ಲಿ ಬಳಸುವಷ್ಟು ಬರುತ್ತದೆ ಎಂದು ಬರೆದರೆ ತಪ್ಪಿಲ್ಲ. ಆದರೆ ಭದ್ರಾವತಿಯ ಹುಡುಗನಿಗೆ ಕನ್ನಡ, ತಮಿಳು, ಉರ್ದು, ಸ್ವಲ್ಪ ಹಿಂದಿ ಬರುವುದು ಸಾಮಾನ್ಯ, ಕೊಂಕಣಿ ಮನೆಯವನಿಗೆ ಇನ್ನೊಂದು ಹೆಚ್ಚು. ಅದನ್ನು ಬರೆಯಲು ನಾಚುತ್ತಾರೆ! ಗಲ್ಫಿನ ಕೆಲಸದ ಜಾಗಗಳಲ್ಲಿ ಹಿಂದಿ, ಉರ್ದು ಬಲ್ಲವನು ಹತ್ತು ಜನರ ತಂಡವನ್ನು ನಡೆಸಬಲ್ಲ. ಧಾರಾಳವಾಗಿ ಬರೆಯಿರಿ.

ಹೆಸರಿನ ತೊಡಕು

ಕಸುಬಿನ ನಂತರ ನಾನು ಕೇಳುವುದು ಪಾಸ್‌ಪೋರ್ಟು, ಹತ್ತನೇ ತರಗತಿಯ ಅಂಕಪಟ್ಟಿ, ಐ.ಟಿ.ಐ. ಪ್ರಮಾಣಪತ್ರ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರು ಓದಿಸುತ್ತೇನೆ. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಈ ತೊಡಕು ತುಸು ಹೆಚ್ಚೇ. ಜ್ಞಾನಸ್ನಾನದ ದಾಖಲೆಯಲ್ಲಿ ಸಂತರ ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಮತ್ತೊಂದು. ಫಿಲೋಮಿನಾ ಎಂಬುದಕ್ಕೆ ಒಂದು ಕಾಗದದಲ್ಲಿ ಪಿ ಮತ್ತು ಎಚ್, ಇನ್ನೊಂದರಲ್ಲಿ ಎಫ್. ಡಿಸೋಜ ಎಂಬಲ್ಲಿ ಒಂದು ಕಡೆ ಅಪಾಸ್ಟ್ರಫಿ ಇದ್ದರೆ ಇನ್ನೊಂದು ಕಡೆ ಇಲ್ಲ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲುಗಳಿವೆಯಲ್ಲ, ಅಲ್ಲಿ ಆ ಚಿಹ್ನೆಗೆ ಜಾಗವೇ ಇಲ್ಲ. ಆದುದರಿಂದ ಬಯೋಡೇಟಾದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ ಇರಲಿ.

ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ಲಾಗಿ ಇಟ್ಟುಕೊಳ್ಳುವ ಮನೆಗಳಲ್ಲಿ ಇನ್ನೊಂದು ಕಷ್ಟ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ. 2022ರ ನವೆಂಬರಿನಲ್ಲಿ ಯು.ಎ.ಇ. ಸರ್ಕಾರ ಇಂತಹ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲ ಎಂದಿತು. ಅಂಥವರು ಮೊದಲು ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಕೆಲಸ ಸಿಕ್ಕ ಮೇಲೆ ಓಡಾಡುವುದಕ್ಕಿಂತ ಈಗ ಓಡಾಡುವುದು ಲೇಸು.

ಊರಿನ ಹೆಸರಿಗೂ ಹೀಗೆಯೇ. ನಮ್ಮ ಜಿಲ್ಲಾಕೇಂದ್ರದ ಹೆಸರನ್ನು ಇಂಗ್ಲಿಷಿನಲ್ಲಿ ಶಿಮೋಗಾ ಎಂದು ಬರೆಯುತ್ತಿದ್ದದ್ದು 2014ರ ನವೆಂಬರ್ 1ರಂದು ಶಿವಮೊಗ್ಗ ಎಂದಾಯಿತು. ಹಳೆಯ ಅಂಕಪಟ್ಟಿಯಲ್ಲಿ ಒಂದು, ಹೊಸ ಪಾಸ್‌ಪೋರ್ಟಿನಲ್ಲಿ ಒಂದು. ಪರದೇಶದವನಿಗೆ ಇವು ಎರಡು ಊರುಗಳು! ಶಿವಮೊಗ್ಗ ಎಂದು ಬರೆದು ಪಕ್ಕದಲ್ಲಿ ಹಿಂದಿನ ಹೆಸರು ಶಿಮೋಗಾ ಎಂದು ಕಾಣಿಸಿದರೆ ಗೊಂದಲವಿಲ್ಲ. ಭದ್ರಾವತಿಗೂ ಇಂಗ್ಲಿಷಿನಲ್ಲಿ ಎಚ್ ಸೇರಿಸಿ ಬರೆಯುವವರಿದ್ದಾರೆ, ಬಿಟ್ಟು ಬರೆಯುವವರಿದ್ದಾರೆ. ನಿಮ್ಮ ಪಾಸ್‌ಪೋರ್ಟಿನಲ್ಲಿ ಇರುವುದನ್ನೇ ಹಿಡಿಯಿರಿ.

ಯಾರ ಕೈಕೆಳಗೆ ಕೆಲಸ ಮಾಡಿದಿರಿ?

ಇದು ಸುಲಭದ ಪ್ರಶ್ನೆಯಂತೆ ಕಾಣುತ್ತದೆ. ನಮ್ಮೂರಿನಲ್ಲಿ ಸುಲಭವಲ್ಲ. ಉಕ್ಕಿನ ಕಾರ್ಖಾನೆಯೊಳಗೆ ಹತ್ತು ವರ್ಷ ದುಡಿದವನು ಕಾರ್ಖಾನೆಯ ಹೆಸರನ್ನೇ ಹೇಳುತ್ತಾನೆ. ಆದರೆ ಅವನಿಗೆ ಸಂಬಳ ಕೊಟ್ಟವನು ಗುತ್ತಿಗೆದಾರ, ಪಿ.ಎಫ್. ಕಟ್ಟಿದವನೂ ಗುತ್ತಿಗೆದಾರ. ಕಾರ್ಖಾನೆಯ ನೌಕರನೆಂದು ಬರೆದು, ಹೊರಗಿನವರು ವಿಚಾರಿಸಿದಾಗ ಅಂಥವರು ನಮ್ಮ ನೌಕರರ ಪಟ್ಟಿಯಲ್ಲಿ ಇಲ್ಲ ಎಂಬ ಉತ್ತರ ಹೋದರೆ, ಹತ್ತು ವರ್ಷದ ನಿಜವಾದ ದುಡಿಮೆಯೇ ಸುಳ್ಳಾಗಿ ಹೋಗುತ್ತದೆ. ಹೀಗೆ ಬರೆಯಿರಿ: ಇಂಥ ಗುತ್ತಿಗೆದಾರರ ನೌಕರನಾಗಿ, ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯ ಇಂಥ ವಿಭಾಗದಲ್ಲಿ, ಈ ತಿಂಗಳಿನಿಂದ ಈ ತಿಂಗಳವರೆಗೆ. ಇದರಲ್ಲಿ ಕಡಿಮೆ ಎನಿಸುವಂಥದ್ದೇನೂ ಇಲ್ಲ. ಹೊರದೇಶದಲ್ಲೂ ದೊಡ್ಡ ಕಾರ್ಖಾನೆಗಳ ಬಹುಪಾಲು ಕೆಲಸ ಗುತ್ತಿಗೆದಾರರ ಮೂಲಕವೇ ನಡೆಯುತ್ತದೆ, ಅವರಿಗೆ ಇದು ಅರ್ಥವಾಗುವ ಮಾತು.

ಹಳಬರಿಗೆ ಇನ್ನೊಂದು ಎಚ್ಚರಿಕೆ. ಉಕ್ಕಿನ ಕಾರ್ಖಾನೆ 1989ರಲ್ಲಿ ಸೇಲ್ ಸಂಸ್ಥೆಯ ಅಧೀನಕ್ಕೆ ಬಂದು 1998ರಲ್ಲಿ ಅದರಲ್ಲೇ ವಿಲೀನವಾಯಿತು. ಒಂದೇ ಗೇಟಿನೊಳಗೆ ದುಡಿದವರ ಕಾಗದಗಳಲ್ಲಿ ಬೇರೆ ಬೇರೆ ತಲೆಬರಹ ಇರುವುದು ಇದರಿಂದ. ಯಾವ ವರ್ಷ ಯಾವ ಹೆಸರಿತ್ತೋ ಅದನ್ನೇ ಬರೆದು, ಈಗಿನ ಹೆಸರನ್ನು ಪಕ್ಕದಲ್ಲಿ ಕೊಡಿ.

ಕಾರ್ಖಾನೆ ನಿಂತುಹೋಗಿದೆ, ಗುತ್ತಿಗೆದಾರ ಊರು ಬಿಟ್ಟಿದ್ದಾನೆ, ಅನುಭವದ ಪತ್ರ ಕೊಡುವವರಿಲ್ಲ ಎನ್ನುವವರಿಗೆ ಪಿ.ಎಫ್. ಪಾಸ್‌ಬುಕ್ಕೇ ಆಧಾರ. ಯು.ಎ.ಎನ್. ಸಂಖ್ಯೆ ಹಾಕಿದರೆ ಯಾವ ತಿಂಗಳು ಯಾವ ಮಾಲೀಕರು ಹಣ ಕಟ್ಟಿದರೆಂಬುದು ಬರುತ್ತದೆ. ಅದನ್ನು ಮುದ್ರಿಸಿ ಇಟ್ಟುಕೊಳ್ಳಿ. ಜೊತೆಗೆ ನಿಮ್ಮ ಕೆಲಸ ನೋಡಿದ ಒಬ್ಬ ಫೋರ್‌ಮನ್ನರೋ ಎಂಜಿನಿಯರರೋ ನಿವೃತ್ತರಾಗಿ ಇಲ್ಲೇ ಇರಬಹುದು. ಅವರನ್ನು ಕಂಡು, ನಿಮ್ಮ ಹೆಸರನ್ನು ಪರಿಚಯಸ್ಥರ ಜಾಗದಲ್ಲಿ ಹಾಕಲೇ ಎಂದು ಕೇಳಿ. ಧರ್ಮಕೇಂದ್ರದ ಗುರುಗಳ ಹೆಸರನ್ನು ಕೇಳದೆಯೇ ಹಾಕಿಬಿಡುವವರಿದ್ದಾರೆ. ಫಾದರ್ ನಿಮ್ಮ ನಡತೆಗೆ ಸಾಕ್ಷಿ ಹೇಳಬಲ್ಲರು, ನಿಮ್ಮ ಬೆಸುಗೆಗಲ್ಲ. ಅವರ ಹೆಸರು ಹಾಕುವುದಾದರೆ ಮೊದಲು ಹೋಗಿ ಹೇಳಿ. ಪರದೇಶದಿಂದ ಫೋನು ಬಂದಾಗ ಅವರು ಯಾರ ಬಗ್ಗೆ ಎಂದು ತಡವರಿಸುವಂತಾಗಬಾರದು.

ಈಗ ಬಹಳ ಮುಖ್ಯವಾದ ಮಾತಿಗೆ ಬರುತ್ತೇನೆ. ನಾನು ಹೇಳಿದ ಆ ಹುಡುಗನ ಕೈಯಲ್ಲಿ ಇನ್ನೊಂದು ಕಾಗದವೂ ಇತ್ತು. ಏಜೆಂಟನೊಬ್ಬ ಹೇಳಿದನಂತೆ: "ಎರಡು ವರ್ಷ ಸಾಲದು, ಐದು ಅಂತ ಹಾಕು. ಸರ್ಟಿಫಿಕೇಟ್ ನಾವೇ ಮಾಡಿಸಿಕೊಡ್ತೀವಿ." ಕಂಡು ಕೇಳರಿಯದ ಬೆಂಗಳೂರಿನ ಕಂಪನಿಯೊಂದರ ಹೆಸರಿನಲ್ಲಿ ಮುದ್ರೆ ಸಹಿತ ಪತ್ರ ಸಿದ್ಧವಾಗಿತ್ತು. ಆರ್ಗಾನ್ ಪೈಪ್ ವೆಲ್ಡಿಂಗಿನಲ್ಲಿ ಮೂರು ವರ್ಷದ ಅನುಭವ ಎಂದು ಅದರಲ್ಲಿತ್ತು. "ಎಲ್ಲರೂ ಹೀಗೇ ಮಾಡ್ತಾರೆ ಸಾರ್" ಎಂದ ಅವನು. ತಾಯಿ ಏನೂ ಹೇಳಲಿಲ್ಲ. ಕೊರಳಿನ ಸರ ಆಗಲೇ ಬ್ಯಾಂಕಿನಲ್ಲಿ ಒತ್ತೆ ಕುಳಿತಿತ್ತು.

ಎಂಟನೆಯ ಕಟ್ಟಳೆ ನಮಗೆಲ್ಲ ಧರ್ಮೋಪದೇಶದ ತರಗತಿಯಿಂದಲೇ ಗೊತ್ತು, ಅದನ್ನು ಬೇರೆ ಹೇಳಬೇಕಾಗಿಲ್ಲ. ನಾನು ಅವನಿಗೆ ಹೇಳಿದ್ದು ಕಸುಬಿನ ಮಾತು. ಆ ಪತ್ರ ನಂಬಿ ನಿನ್ನನ್ನು ಒತ್ತಡದ ಅನಿಲ ಹರಿಯುವ ಕೊಳವೆಯ ಮುಂದೆ ನಿಲ್ಲಿಸುತ್ತಾರೆ. ನಿನಗೆ ಬಾರದ ಬೆಸುಗೆಯ ಕೆಳಗೆ ಇನ್ನೊಬ್ಬ ತಾಯಿಯ ಮಗ ಕೆಲಸ ಮಾಡುತ್ತಿರುತ್ತಾನೆ. ಅಷ್ಟರವರೆಗೂ ಹೋಗದೆ, ಅಲ್ಲಿ ಇಳಿದ ವಾರದಲ್ಲೇ ಕೈ ಪರೀಕ್ಷೆ ಮಾಡಿ ನಿನ್ನನ್ನು ಹೆಲ್ಪರ್ ಸಂಬಳಕ್ಕೆ ಇಳಿಸಬಹುದು, ಇಲ್ಲವೇ ವಾಪಸ್ ಕಳಿಸಬಹುದು. ಆಗ ಏಜೆಂಟನ ಫೋನು ಎತ್ತುವವರಿರುವುದಿಲ್ಲ. ಸೌದಿ ಅರೇಬಿಯಾ ಈಚಿನ ವರ್ಷಗಳಲ್ಲಿ ವೆಲ್ಡರ್, ಎಲೆಕ್ಟ್ರಿಷಿಯನ್, ಪ್ಲಂಬರ್ ಮುಂತಾದವರಿಗೆ ಭಾರತದಲ್ಲಿಯೇ ಕೌಶಲ ಪರೀಕ್ಷೆ ನಡೆಸುವ ಕ್ರಮ ತಂದಿದೆ. ಪರೀಕ್ಷೆಯ ಕೋಣೆಯಲ್ಲಿ ಮುದ್ರೆಯ ಪತ್ರ ಬೆಸೆಯುವುದಿಲ್ಲ, ಕೈಯೇ ಬೆಸೆಯಬೇಕು.

ಅವನು ಮೂರು ವರ್ಷ ಎಂದು ತುಂಬಿಸಲು ಹೊರಟ ಆ ಕಾಲದಲ್ಲಿ ನಿಜವಾಗಿ ಮಾಡಿದ್ದೇನು? ಕೆಲಸ ಬಿಟ್ಟ ಮೇಲೆ ಎಂಟು ತಿಂಗಳು ಬಾಡಿಗೆ ಆಟೋ ಓಡಿಸಿದ, ಎರಡು ಹಂಗಾಮು ಅಡಿಕೆ ಸುಲಿಯುವ ಯಂತ್ರಗಳ ದುರಸ್ತಿಗೆ ಹೋದ, ಉಳಿದ ಕಾಲ ಕಾಯಿಲೆ ಬಿದ್ದ ತಂದೆಯನ್ನು ನೋಡಿಕೊಂಡ. ಇದನ್ನು ಬರೆಯಲು ಅವನಿಗೆ ನಾಚಿಕೆ. ನಾನು ಬರೆಸಿದೆ. ವಾಹನ ಚಾಲನಾ ಪರವಾನಗಿ ಇದೆ ಎಂಬುದು ಅದರಿಂದಲೇ ಹೊರಬಂತು, ಯಂತ್ರ ದುರಸ್ತಿ ಬರುತ್ತದೆ ಎಂಬುದೂ. ತಂದೆಯ ಶುಶ್ರೂಷೆ ಎಂಬ ಒಂದು ಸಾಲನ್ನು ನೋಡಿ ಮುಖ ತಿರುಗಿಸುವ ಮಾಲೀಕರು ಕಡಿಮೆ. ಖಾಲಿ ಬಿಟ್ಟ ಎರಡು ವರ್ಷವೇ ಹೆಚ್ಚು ಅನುಮಾನ ಹುಟ್ಟಿಸುತ್ತದೆ. ಆ ಸುಳ್ಳು ಪತ್ರವನ್ನು ತಾಯಿಯೇ ಕೈಗೆತ್ತಿಕೊಂಡು ಎರಡಾಗಿ ಹರಿದರು. ಆರು ತಿಂಗಳು ಇಲ್ಲೇ ಎಲ್ಲಾದರೂ ಕೆಲಸಕ್ಕೆ ಸೇರಿ ಆರ್ಗಾನ್ ವೆಲ್ಡಿಂಗನ್ನು ಕೈಗೆ ಹತ್ತಿಸಿಕೊಂಡು ಆಮೇಲೆ ಅರ್ಜಿ ಹಾಕುವುದೆಂದು ಮಾತಾಯಿತು. ಮುಂದೇನಾಯಿತೆಂದು ಹೇಳಲು ಇನ್ನೂ ಕಾಲ ಬಂದಿಲ್ಲ.

ನರ್ಸಿಂಗ್ ಓದಿದ ಹೆಣ್ಣುಮಕ್ಕಳಿಗಂತೂ ಇದು ಇನ್ನೂ ಬಿಗಿ. ಗಲ್ಫಿನ ಆರೋಗ್ಯ ಇಲಾಖೆಗಳು ನಿಮ್ಮ ಪ್ರಮಾಣಪತ್ರಗಳನ್ನು ಅವು ಹೊರಟ ಕಾಲೇಜು, ಆಸ್ಪತ್ರೆ, ನರ್ಸಿಂಗ್ ಕೌನ್ಸಿಲುಗಳಿಗೇ ಕಳಿಸಿ ವಿಚಾರಿಸುತ್ತವೆ. ಒಂದು ಅನುಭವದ ಪತ್ರ ಸುಳ್ಳೆಂದು ಗೊತ್ತಾದರೆ ನಿಜವಾದ ಪದವಿಗೂ ಕಳಂಕ. ಆಸ್ಪತ್ರೆಯ ಹೆಸರು ಮಾತ್ರ ಬರೆದರೆ ಸಾಲದು. ಎಷ್ಟು ಹಾಸಿಗೆಯ ಆಸ್ಪತ್ರೆ, ಯಾವ ವಾರ್ಡು, ಒಂದು ಪಾಳಿಯಲ್ಲಿ ಎಷ್ಟು ರೋಗಿಗಳನ್ನು ನೋಡುತ್ತಿದ್ದಿರಿ, ವೆಂಟಿಲೇಟರ್ ಮೇಲಿರುವವರನ್ನು ನೋಡಿಕೊಂಡ ಅಭ್ಯಾಸವಿದೆಯೇ, ಕರ್ನಾಟಕದ ನರ್ಸಿಂಗ್ ಕೌನ್ಸಿಲಿನ ನೋಂದಣಿ ಯಾವಾಗಿನದು, ಇವೆಲ್ಲ ಇರಲಿ.

ಯಾವ ದೇಶಕ್ಕೆ ಎಂಬುದನ್ನು ನೋಡಿ ಕಾಗದದ ರೂಪ ಸ್ವಲ್ಪ ಬದಲಾಗುತ್ತದೆ. ಗಲ್ಫಿನವರು ಫೋಟೋ, ವಯಸ್ಸು, ಪಾಸ್‌ಪೋರ್ಟಿನ ಅವಧಿ ಎಂದಿನವರೆಗೆ, ಇವನ್ನು ನಿರೀಕ್ಷಿಸುತ್ತಾರೆ. ಬ್ರಿಟನ್, ಅಮೆರಿಕ, ಕೆನಡಾಗಳಲ್ಲಿ ಫೋಟೋ, ವಯಸ್ಸು, ಧರ್ಮ, ಮದುವೆ ವಿಷಯ ಹಾಕಬಾರದು. ಇವುಗಳಿಂದ ಭೇದ ಮಾಡಿದರೆಂಬ ಆಪಾದನೆ ಬಂದೀತೆಂದು ಮಾಲೀಕರೇ ಹೆದರುತ್ತಾರೆ. ಕ್ಯಾಥೋಲಿಕ್ ಎಂದು ಬರೆದರೆ ಅಲ್ಲಿ ಅನುಕೂಲ ಎಂದುಕೊಂಡಿರುವವರು ದಯವಿಟ್ಟು ಗಮನಿಸಿ. ಯೂರೋಪಿನ ದೇಶಗಳಿಗೆ ಯೂರೋಪಾಸ್ ಎಂಬ ನಮೂನೆಯಿದೆ, ಐರೋಪ್ಯ ಒಕ್ಕೂಟದವರದೇ, ಉಚಿತ. ಅದನ್ನು ತುಂಬಿಸಿಕೊಡುತ್ತೇನೆಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. ಯಾವ ದೇಶಕ್ಕಾದರೂ ಆಧಾರ್ ಸಂಖ್ಯೆ ಬಯೋಡೇಟಾದಲ್ಲಿ ಬೇಡ.

ಹಣದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಜನರನ್ನು ಕಳಿಸುವ ಏಜೆಂಟನಿಗೆ ಕೇಂದ್ರ ಸರ್ಕಾರದ ನೋಂದಣಿ ಇರಲೇಬೇಕು. ಅವನು ತನ್ನ ಸೇವೆಗೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ., ಅದಕ್ಕೂ ರಸೀದಿ ಕೊಡಬೇಕು. ನೋಂದಣಿ ಇದೆಯೋ ಇಲ್ಲವೋ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ವಲಸೆ ಅನುಮತಿ ಬೇಕು. ಅಂಥ ಹೆಣ್ಣುಮಕ್ಕಳಿಗೆ 30 ವರ್ಷ ತುಂಬಿರಬೇಕೆಂಬ ನಿಯಮವೂ ಇದೆ. ಇದನ್ನು ತಪ್ಪಿಸಿ ಪ್ರವಾಸಿ ವೀಸಾದಲ್ಲಿ ಕರೆದೊಯ್ಯುತ್ತೇನೆ ಎನ್ನುವವನ ಕೈಗೆ ಬಯೋಡೇಟಾವನ್ನೂ ಕೊಡಬೇಡಿ, ಮೂಲ ಪಾಸ್‌ಪೋರ್ಟನ್ನಂತೂ ಕೊಡಲೇಬೇಡಿ.

ಬರೆದು ಮುಗಿಸಿದ ಮೇಲೆ ಕಾಗದವನ್ನು ಒಂದು ಸಂಜೆ ಮನೆಯವರ ಮುಂದೆ ಕನ್ನಡದಲ್ಲಿ ಓದಿ ಹೇಳಿ. ತಾಯಿಗೋ ಹೆಂಡತಿಗೋ ಅರ್ಥವಾಗದ ಸಾಲಿದ್ದರೆ ಅದನ್ನು ತೆಗೆಯಿರಿ, ಇಲ್ಲವೇ ಬಿಡಿಸಿ ಬರೆಯಿರಿ. ದಿನಾಂಕ ತಪ್ಪಿದ್ದರೆ ಹೇಳುವವರು ಅವರೇ. "ಅವತ್ತು ನೀನು ಇನ್ನೂ ಐ.ಟಿ.ಐ.ಲ್ಲೇ ಇದ್ದೆ ಕಣೋ" ಎಂದು ಒಬ್ಬ ತಂಗಿ ಅಣ್ಣನನ್ನು ತಿದ್ದಿದ್ದನ್ನು ನಾನೇ ಕೇಳಿದ್ದೇನೆ. ಆಮೇಲೆ ಅದರ ಒಂದು ಪ್ರತಿ, ಪಾಸ್‌ಪೋರ್ಟಿನ ನಕಲು, ಏಜೆಂಟನ ನೋಂದಣಿ ಸಂಖ್ಯೆ, ಮುಂದೆ ಕೆಲಸದ ಕರಾರು ಬಂದಾಗ ಅದರ ಪ್ರತಿ, ಹೋಗುವ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ಫೋನ್ ನಂಬರು, ಇಷ್ಟನ್ನೂ ಒಂದು ಲಕೋಟೆಯಲ್ಲಿ ಹಾಕಿ ರೇಷನ್ ಕಾರ್ಡ್ ಇಡುವ ಪೆಟ್ಟಿಗೆಯಲ್ಲೇ ಇಟ್ಟು, ಎಲ್ಲಿದೆ ಎಂದು ಮನೆಯಲ್ಲಿ ಇಬ್ಬರಿಗಾದರೂ ಹೇಳಿ ಹೊರಡಿ.